ಚಲುವರಾಜುವಿನ ಕುರ್ಚಿ

ಚಲುವರಾಜುವಿಗೆ ಕೊನೆಗೂ ಕುರ್ಚಿ ಸಿಕ್ಕಿತು. ಹುಣಸೂರಿನ ಮರದ ಕಾರ್ಖಾನೆಯಲ್ಲಿ ಮೀಸೆ ಚಿಗುರಿದಾಗಿನಿಂದ ನಿಂತುಕೊಂಡೇ ಊರಿಗೆಲ್ಲ ಕುರ್ಚಿ ಮಾಡಿಕೊಟ್ಟವನು. ತಾನು ಕೂರುತ್ತಿದ್ದದ್ದು ಊಟದ ಹೊತ್ತಿನಲ್ಲಿ, ಅದೂ ಹಲಗೆಗಳ ಮೇಲೆ. ಮಂಡಿ ಸವೆದು ಹೋಗಿತ್ತು. ಇವತ್ತಿನಿಂದ ಅವನು ಸೂಪರ್‌ವೈಸರ್. ಗಾಲಿಯಿರುವ ಮೆತ್ತನೆಯ ಸ್ವಂತ ಕುರ್ಚಿ!

"ಇನ್ನಾದ್ರೂ ಕುಂತ್ಕಂಡು ಕೆಲ್ಸ ಮಾಡಿ. ನಿಮ್ ಮಂಡಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ ಕೈ ಬಿದ್ದೋಯ್ತು" ಎಂದು ಹೆಂಡತಿ ಪುಟ್ಟತಾಯಮ್ಮ ಬೆಳಿಗ್ಗೆ ತಮ್ಮೂರು ಹನಗೋಡಿನಲ್ಲಿ ಬಸ್ಸು ಹತ್ತಿಸಿದ್ದಳು.

ಕೂತ. ಬೆನ್ನು ಒರಗಿಸುವಷ್ಟರಲ್ಲಿ ಸಾಹೇಬರು ಬಂದರು. ಕಾರ್ಖಾನೆಯನ್ನು ಕೊಂಡ ಡೆನ್ಮಾರ್ಕ್ ಕಂಪನಿಯ ಮ್ಯಾನೇಜರು, ಹೆಸರು ಲಾರ್ಸ್. ಚಲುವರಾಜು ದಡಕ್ಕನೆ ಎದ್ದು ನಿಂತ. "ಪ್ಲೀಸ್, ಸಿಟ್" ಎಂದರು ಸಾಹೇಬರು. ಎಂಥ ದೊಡ್ಡ ಗುಣ ಎಂದುಕೊಂಡು ಇವನು ಇನ್ನಷ್ಟು ನೆಟ್ಟಗೆ ನಿಂತ.

ಪಕ್ಕದ ಮೇಜಿನ ಶೃತಿ, ಅವನ ಮಗಳ ವಯಸ್ಸಿನವಳು, ಕೂತಲ್ಲಿಂದಲೇ "ಹಾಯ್ ಲಾರ್ಸ್" ಎಂದಳು.

"ಏನವ್ವಾ, ಸಾಹೇಬ್ರನ್ನ ಎಸ್ರಿಡ್ದು ಕರೀತೀಯಲ್ಲ!"

"ಅವ್ರ ದೇಶದಲ್ಲಿ ಹಂಗೇ ಅಂಕಲ್. ಬಾಸ್ ಬಂದ್ರೆ ಯಾರೂ ಏಳಲ್ಲ. ನೀವೂ ಕೂತ್ಕೊಳ್ಳಿ."

"ಅವ್ರ ದೇಸ ಅಲ್ಲೆಲ್ಲೋ ಅದೆ. ನಾವು ಇರಾದು ಉಣಸೂರಲ್ಲಿ ಕಣವ್ವ."

ಸಾಹೇಬರಿಗೆ ವಿಪರೀತ ಕಾಫಿ ಹುಚ್ಚು. ಅದನ್ನೂ ತಾವೇ ಎದ್ದು ಹೋಗಿ ತಂದುಕೊಳ್ಳುವವರು. ಅವರು ಹೋದಾಗೊಮ್ಮೆ, ಬಂದಾಗೊಮ್ಮೆ ಚಲುವರಾಜು ಒನಕೆಯ ಹಾಗೆ ಮೇಲೆ ಕೆಳಗೆ ಆಡಿದ. ಪಾಲಿಷ್ ಮಾಡುವ ಮುಸವೀರ್ ಇಣುಕಿ ಕಿವಿಯಲ್ಲಿ ಉಸುರಿದ: "ಅಣ್ಣಾ, ಸಾಹೇಬ್ರು ನಿನ್ನೇ ನೋಡ್ತಾವ್ರೆ. ಮೆಚ್ಕಂಡವ್ರೆ, ಬುಡಬ್ಯಾಡ. ಇನ್ನೂ ಜೋರಾಗಿ ಏಳು!"

ಮುಂದಿನ ಸಲ ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿ ಸಾಹೇಬರ ಕಾಲಿಗೆ ಬಡಿಯಿತು. ಕಾಫಿಯೆಲ್ಲ ಚಲುವರಾಜುವಿನ ಹೊಸ ಅಂಗಿಗೆ. ಸಾಹೇಬರು ಸಿಟ್ಟಾಗಲಿಲ್ಲ, ಚಿಂತೆಯಿಂದ ಶೃತಿಗೆ ಏನೋ ಹೇಳಿದರು.

"ಕೂತ್ರೆ ನಿಮಗೇನಾದ್ರೂ ತೊಂದ್ರೆನಾ ಅಂತ ಕೇಳ್ತಿದ್ದಾರೆ ಅಂಕಲ್."

ಚಲುವರಾಜು ಮಂಡಿಯ ಮೇಲಿದ್ದ ಕೈಯನ್ನು ಸರಕ್ಕನೆ ತೆಗೆದ. ಮಂಡಿನೋವು ಎಂದರೆ ಸಿಕ್ಕ ಹುದ್ದೆ ಹೋಯಿತು! ಅವನ ಕಾಲದವರು ಸಾಹೇಬರ ಮುಂದೆ ನೋವು ಹೇಳಿಕೊಂಡವರೇ ಅಲ್ಲ.

"ತೊಂದ್ರೆ ಏನಿಲ್ಲ, ನಿಂತ್ಕಂಡ್ರೇ ನನ್ಗೆ ಆರಾಮ ಅಂತ ಯೋಳವ್ವ."

"ನಿಜವಾಗ್ಲೂ?"

"ಅಂಗೇ ಯೋಳು ಅಂದ್ನಲ್ಲ!"

ಶೃತಿ ಹಾಗೇ ಹೇಳಿದಳು. ಸಾಹೇಬರ ಮುಖ ಅರಳಿತು. ಅಂಗಿಯ ತೋಳು ಮಡಚಿಕೊಂಡು ಮರಗೆಲಸದ ಶೆಡ್ಡಿಗೆ ಹೋದವರು ಸಂಜೆವರೆಗೂ ಈಚೆ ಬರಲಿಲ್ಲ. ಬಂದಾಗ ಹಿಂದೆ ನಾಲ್ಕು ಜನ ಒಂದು ಮೇಜು ಹೊತ್ತು ತಂದರು. ತೇಗದ್ದು, ಚಲುವರಾಜುವಿನ ಎದೆಮಟ್ಟಕ್ಕಿತ್ತು.

"ನಿಂತು ಕೆಲ್ಸ ಮಾಡೋರ ಮೇಜಂತೆ. ನಿಮಗೋಸ್ಕರ ಅವ್ರೇ ಕೈಯಾರೆ ಮಾಡಿದ್ದಂತೆ" ಎಂದಳು ಶೃತಿ, ನಗು ತಡೆದುಕೊಂಡು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮುಸವೀರ್. ಇನ್ನು ಬೇಡವಾದ ಕುರ್ಚಿಯನ್ನು ಸಾಹೇಬರು ಅವನತ್ತ ತಳ್ಳಿದ್ದರು.

"ನಾನು ನಿಜ ಹೇಳ್ಬಿಡ್ಲಾ ಅಂಕಲ್?"

"ಬ್ಯಾಡ ಕಣವ್ವ, ನೊಂದ್ಕತಾರೆ" ಎಂದ ಚಲುವರಾಜು. ಕುರ್ಚಿ ಹೋದ ದುಃಖ ಒಂದು ಕಡೆ. ಆದರೆ ಇಷ್ಟು ವರ್ಷದಲ್ಲಿ ಯಾವ ಸಾಹೇಬ ತಾನೇ ಅವನಿಗಾಗಿ ಉಳಿ ಹಿಡಿದಿದ್ದ? ನುಣುಪಾದ ತೇಗವನ್ನು ಸವರುತ್ತ ಅವನು ಖುಷಿಯಾಗಿಯೇ ನಿಂತ.

ಸಾಹೇಬರು ಕಾಫಿಗೆ ಹೊರಟರು. ಮುಸವೀರ್ ಕುರ್ಚಿಯಲ್ಲಿ ಒರಗಿಕೊಂಡೇ "ಹಾಯ್" ಎಂದ. ಚಲುವರಾಜುವಿಗೆ ಧರ್ಮಸಂಕಟ. ಆಗಲೇ ನಿಂತಿರುವವನು ಎದ್ದು ನಿಲ್ಲುವುದು ಹೇಗೆ? ನೋಯುವ ಮಂಡಿಯನ್ನು ಅರ್ಧ ಬಗ್ಗಿಸಿ ಕಾದ. ಸಾಹೇಬರು ಹತ್ತಿರ ಬಂದೊಡನೆ ದಡಕ್ಕನೆ ಎದ್ದು ನಿಂತ.