ಕೊನೆಯವರ ಹಿಂದೆ ನಡೆದವನು

ನಡೆಯುವುದರಲ್ಲಿ ತಪ್ಪು ಮಾಡಲು ಏನಿದೆ? ಹನ್ನೊಂದು ತಿಂಗಳ ಮಗುವಾಗಿದ್ದಾಗಿನಿಂದ ನಡೆಯುತ್ತಿದ್ದೇನೆ. ಹಾಗಾಗಿ ಬರ್ಮಿಂಗ್‌ಹ್ಯಾಮಿನ ವಾಕಿಂಗ್ ಗುಂಪೊಂದಕ್ಕೆ ಸೇರಿದಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ.

ನಿಜ ಹೇಳಬೇಕೆಂದರೆ, ನಡೆಯುವ ಆಸೆಯೂ ಇರಲಿಲ್ಲ. ಕೆಲಸಕ್ಕೆಂದು ಈ ಊರಿಗೆ ಬಂದು ಏಳು ತಿಂಗಳಾಗಿತ್ತು. ಹೆಂಡತಿ ಶಬಾನಾ ವೀಸಾಕ್ಕೆ ಕಾಯುತ್ತ ದಾವಣಗೆರೆಯಲ್ಲಿದ್ದಳು. ಆಫೀಸಿನಲ್ಲಿ ನಾನು ‘ಮೇಟ್’, ಮಸೀದಿಯಲ್ಲಿ ‘ಬ್ರದರ್’, ಫೋನಿನಲ್ಲಿ ಹೆಂಡತಿಗೆ ‘ಏನ್ರೀ’. ರಫೀಕ್ ಎಂಬ ನನ್ನ ಹೆಸರನ್ನು ಕೊನೆಯ ಸಲ ಕಿವಿಯಾರೆ ಕೇಳಿದ್ದು ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅದೂ ರಕ್ತಪರೀಕ್ಷೆಗೆ!

ಭಾನುವಾರ ಬೆಳಿಗ್ಗೆ ಊರಂಚಿನ ಕಾಡಿನಲ್ಲಿ ನಾವು ಹದಿಮೂರು ಜನ. ಮುಂದಾಳು ಮಾರ್ಗರೆಟ್. ಹಳದಿ ಜಾಕೆಟ್ಟಿನ ಕೆನ್ ಎಲ್ಲರಿಗಿಂತ ಕೊನೆಗೆ. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಅವರ ಹೊಣೆ.

ಎಪ್ಪತ್ತು ದಾಟಿದ ಕೆನ್ ಹಿಂದೆ, ಮೂವತ್ತೆರಡರ ನಾನು ಮುಂದೆ! ಶತಮಾನಗಳಷ್ಟು ಹಳೆಯ ಓಕ್ ಮರಗಳ ನಡುವೆ ನನ್ನ ಸಂಸ್ಕಾರ ಕೆರಳಿತು.

“ನೀವು ಮೊದಲು ಸರ್,” ಎಂದೆ, ದನ-ಕುದುರೆ ದಾಟದಂತೆ ದಾರಿಗಡ್ಡ ಹಾಕಿದ್ದ ಮೊದಲ ಗೇಟಿನಲ್ಲಿ.

“ಇಲ್ಲಪ್ಪ, ಕೊನೆಗೆ ಬರೋದೇ ನನ್ನ ಕೆಲಸ.”

“ನಮ್ಮ ಕಡೆ ಹಿರಿಯರನ್ನ ಹಿಂದೆ ಬಿಟ್ಟು ನಡೆದ್ರೆ ಬೈತಾರೆ ಸರ್.”

ಎರಡನೆಯ ಗೇಟಿನಲ್ಲೂ ಇದೇ ಯುದ್ಧ. ಮೂರನೆಯದರಲ್ಲಿ ಕೆನ್ ಸೋತರು. “ಸರಿ, ಗೇಟು ಹಾಕ್ಕೊಂಡು ಬೇಗ ಬಾ,” ಎಂದು ಮುಂದೆ ಹೋದರು.

ಚಿಲಕ ಕೂರಲಿಲ್ಲ. ನಾನು ಎಂಜಿನಿಯರ್. ಅದನ್ನು ಎತ್ತಿ, ತಿರುಗಿಸಿ, ಅಧ್ಯಯನ ಮಾಡಿ ಕೂರಿಸಿದೆ. ತಿರುಗಿ ನೋಡಿದರೆ ನರಪಿಳ್ಳೆಯೂ ಇಲ್ಲ! ಹಿಂತಿರುಗಿ ನೋಡಿದ ಮಾರ್ಗರೆಟ್ ಅವರಿಗೆ ಹಳದಿ ಜಾಕೆಟ್ ಕಂಡಿತ್ತಂತೆ. ಅದು ಬಂತೆಂದರೆ ಎಲ್ಲರೂ ಬಂದರೆಂದೇ ಲೆಕ್ಕ.

ಕಾಡು ಮುಗಿದು ಕುರುಚಲು ಬಯಲು ಶುರುವಾಗಿತ್ತು. ಮೂರು ಕಾಲುದಾರಿಗಳಲ್ಲಿ ಅಗಲವಾದದ್ದನ್ನು ಹಿಡಿದೆ. ಅರ್ಧ ಗಂಟೆ ನಡೆದ ಮೇಲೆ ಒಂದು ಗೇಟು ಸಿಕ್ಕಿತು. ಅದೇ ಗೇಟು. ಚಿಲಕ ಭದ್ರವಾಗಿತ್ತು.

ಶಬಾನಾಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

“ಏನ್ರೀ, ದಾರಿ ತಪ್ಪಿದ್ರಾ? ಯಾರನ್ನಾದ್ರೂ ಕೇಳ್ರೀ!”

“ಇಲ್ಲೊಂದು ಕುದುರೆ ಇದೆ ಅಷ್ಟೇ.”

“ಅದಕ್ಕಾದ್ರೂ ದಾರಿ ಗೊತ್ತಿರುತ್ತೆ. ಆ ಮುದುಕರನ್ನ ಜೋರಾಗಿ ಕೂಗ್ರೀ.”

“ಹಿರಿಯರನ್ನ ಹೆಸರು ಹಿಡಿದು ಹೇಗೆ ಕೂಗೋದು?”

“ಹಾಗಾದ್ರೆ ಅಲ್ಲೇ ಇರಿ!” ಎಂದು ಫೋನಿಟ್ಟಳು.

ಗಾಳಿ ಬಿಟ್ಟರೆ ಸದ್ದಿಲ್ಲ. ನಾನಿಲ್ಲದ್ದು ಅವರಿಗೆ ಗೊತ್ತೇ ಆಗದಿದ್ದರೆ?

ಆಗ ಕೇಳಿಸಿತು: “ರಫೀಕ್!” ದೂರದಲ್ಲಿ ಒಂದು ಗಂಡು ದನಿ. ಆಮೇಲೆ ಹೆಣ್ಣು ದನಿ. ಆಮೇಲೆ ಹನ್ನೆರಡೂ ಜನ. ಕಾಡಿಗೆ ಕಾಡೇ ನನ್ನ ಹೆಸರು ಕೂಗುತ್ತಿತ್ತು!

ತಕ್ಷಣ ಓಗೊಡಬೇಕಿತ್ತು. ಕೊಡಲಿಲ್ಲ. ಒಂದು ಬರ್ಚ್ ಮರದ ಹಿಂದೆ ನಿಂತು ಕೇಳಿದೆ. ಸರಿಯಾಗಿ ಹೇಳಬೇಕೆಂದರೆ, ಒಂಬತ್ತು ಸಲ.

ಹತ್ತನೆಯದು ಬೆನ್ನ ಹಿಂದಿನಿಂದಲೇ ಬಂತು. ಕೆನ್! ಮುಖ ಬಿಳಿಚಿಕೊಂಡಿತ್ತು.

“ಕೂಗಿದ್ದು ಕೇಳಿಸಲಿಲ್ವಾ?”

“ಕೇಳಿಸ್ತು ಸರ್.”

“ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಳ್ಕೊಂಡಿರಲಿಲ್ಲ ನಾನು,” ಎಂದು ಕೆನ್ ನನ್ನ ತೋಳು ಹಿಡಿದುಕೊಂಡರು. ಕಾರ್ ಪಾರ್ಕ್ ಬರುವವರೆಗೂ ಬಿಡಲಿಲ್ಲ.

ಮುಂದಿನ ಭಾನುವಾರದಿಂದ ನನ್ನ ಜಾಗ ಮಾರ್ಗರೆಟ್ ಅವರ ಬೆನ್ನಿಗೇ ನಿಗದಿಯಾಯಿತು. ಈಗ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೇಳಿಬರುವುದು ನನ್ನ ಹೆಸರೇ. ಪ್ರತಿ ಗೇಟಿನಲ್ಲೂ ಹನ್ನೆರಡು ಜನ ಒಕ್ಕೊರಲಿನಿಂದ ಕೂಗುತ್ತಾರೆ:

“ರಫೀಕ್, ಚಿಲಕ ಮುಟ್ಟಬೇಡ!”