ಭಾವನವರ ಗಂಜಿಯೂ ಕರೆಂಟಿನ ಒಲೆಯೂ

ಕಾವೇರಿ ಕೊಡಗಿನಲ್ಲಿ ಹುಟ್ಟಿ, ಅಷ್ಟು ದೂರ ಬಳಸಿ ಬಳಸಿ ಬಂದು, ಶಿವನಸಮುದ್ರದಲ್ಲಿ ಬಂಡೆಯ ಮೇಲಿಂದ ಧುಮುಕುವುದು ಯಾತಕ್ಕೆ? ನಮ್ಮ ಭಾವನವರನ್ನು ಕೇಳಿದ್ದರೆ ಒಂದೇ ಉತ್ತರ ಸಿಗುತ್ತಿತ್ತು: ಅವರ ಗಂಜಿ ಕಾಯಿಸುವುದಕ್ಕೆ! ಕೋಲಾರದ ಗಣಿ, ಮೈಸೂರಿನ ದೀಪ, ಬೆಂಗಳೂರಿನ ಗಿರಣಿ ಇವೆಲ್ಲ ಆಮೇಲೆ ಬಂದು ಪಂಕ್ತಿಗೆ ಕೂತವರು. ಮೊದಲ ಎಲೆ ಭಾವನವರದು.

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಹೊಳಲಿನ ಕಡೆಯ ಹೊಲಗದ್ದೆಯ ಮನೆತನ. ಆದರೆ ಇವರು ಮಾತ್ರ ನೇಗಿಲು ಬಿಟ್ಟು ಶಿವನಸಮುದ್ರದ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕೆ ಸೇರಿದ್ದರು. ನಾನು ಮಳವಳ್ಳಿಯಲ್ಲಿ ಮೇಷ್ಟ್ರು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿಬಿಡುತ್ತಿದ್ದೆ. ಆ ಮನೆಯಲ್ಲಿ ನಡೆದದ್ದನ್ನು ಮಳವಳ್ಳಿಗೆ ಬಂದು ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಹೇಳಹೊರಟರೆ ನಗುವಿಗೆ ಮೊದಲು ನಿಟ್ಟುಸಿರೇ ಬರುತ್ತದೆ. ಇರಲಿ, ಮೊದಲು ನಗುವ ಭಾಗವನ್ನೇ ಹೇಳುತ್ತೇನೆ.

ಭಾವನವರಿಗೆ ಹೊಟ್ಟೆಹುಣ್ಣು. ಡಾಕ್ಟರು ಖಾರ ಬಿಡಿಸಿ, ಮುದ್ದೆ ಬಿಡಿಸಿ, "ಎರಡು ಹೊತ್ತೂ ರಾಗಿ ಗಂಜಿ ಕುಡಿಯಿರಿ" ಎಂದರು. ಎಂಥ ಗಂಜಿ ಎಂದು ಹೇಳಲಿಲ್ಲ. ಅನರ್ಥವೆಲ್ಲ ಶುರುವಾದದ್ದು ಅಲ್ಲಿಂದ! ಉಳಿದದ್ದನ್ನು ಭಾವ ತಾವೇ ಗೊತ್ತುಮಾಡಿಕೊಂಡರು. ಸೌಟಿನಿಂದ ಬಿಟ್ಟರೆ ಗಂಜಿ ನೂಲಿನ ಹಾಗೆ ಇಳಿಯಬೇಕು, ನಡುವೆ ತುಂಡಾಗಕೂಡದು. ಒಂದು ಗಂಟೂ ನಾಲಿಗೆಗೆ ಸಿಕ್ಕಕೂಡದು. ಹೊಗೆಯ ವಾಸನೆ ಸುಳಿಯಕೂಡದು. ಲೋಟ ಕೈಯನ್ನು ಸುಡಬೇಕು, ಗಂಜಿ ತುಟಿಯನ್ನು ಸುಡಕೂಡದು! ಇಂಥ ಗಂಜಿಯನ್ನು ಸೌದೆ ಒಲೆಯ ಮೇಲೆ ದೇವಲೋಕದವರು ಬಂದರೂ ಮಾಡಲಾರರು. ನಮ್ಮಕ್ಕನೋ ಮದ್ದೂರಿನ ಹತ್ತಿರದ ಹಳ್ಳಿಯವಳು.

"ಇದೇನಮ್ಮೀ, ಗಂಜಿಯೋ ಗೋಡೆಗೆ ಮೆತ್ತೋ ಮಣ್ಣೋ?" ಎನ್ನುವರು ಭಾವ.

"ನೀರಂಗದೆ ಅಂತ ನಿನ್ನೆ ಅಂದ್ರಲ್ಲ. ಅದ್ಕೇ ಒಸಿ ಗಟ್ಟಿ ಮಾಡ್ದೆ."

"ನೀರಂಗಿರ್ಬಾರ್ದು ಅಂದ್ರೆ ಮಣ್ಣಂಗಿರ್ಬೇಕು ಅಂತಾನಾ?"

ಅಕ್ಕ ಲೋಟ ಒಳಗೆ ಒಯ್ದು ನೀರು ಬೆರೆಸಿ ತರುತ್ತಿದ್ದಳು. ಆಗ ಭಾವ ಅದು ನೀರಿನ ಹಾಗಿದೆ ಎನ್ನುತ್ತಿದ್ದರು.

ಹೀಗಿರುವಾಗ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ವಿಲಾಯತಿಗೆ ವಾಪಸು ಹೊರಟ ಬಿಳಿಯ ಅಧಿಕಾರಿಯೊಬ್ಬ ತನ್ನ ಮನೆಯ ಸಾಮಾನುಗಳನ್ನು ಅವರಿವರಿಗೆ ಹಂಚಿದ. ಒಬ್ಬರು ಕುರ್ಚಿ ತಂದರು, ಒಬ್ಬರು ಕನ್ನಡಿ ತಂದರು. ಭಾವ ತಂದದ್ದು ಕರೆಂಟಿನ ಒಲೆ. ಕಬ್ಬಿಣದ ಮೂರು ಕಾಲು, ಮೇಲೆ ಮಣ್ಣಿನ ಬಿಲ್ಲೆ, ಬಿಲ್ಲೆಯ ಗೆರೆಗಳಲ್ಲಿ ಸುರುಳಿ ಸುತ್ತಿದ ತಂತಿ, ಪಕ್ಕದಲ್ಲಿ ತಿರುಗಿಸುವ ಒಂದು ಕಿವಿ. ಕಿವಿ ಹಿಂಡಿದಷ್ಟೂ ತಂತಿ ಕೆಂಪೇರುತ್ತಿತ್ತು. ಅಡಿಗೆಮನೆಯ ಕಟ್ಟೆಯ ಮೇಲೆ, ಅಕ್ಕನ ಸೌದೆ ಒಲೆಯ ಮಗ್ಗುಲಲ್ಲೇ ಅದನ್ನು ಪ್ರತಿಷ್ಠಾಪಿಸಿದರು. ಅರಿಸಿನ ಕುಂಕುಮವೂ ಆಯಿತು.

ಮೊದಲ ಗಂಜಿಗೆ ಇಡೀ ಬೀದಿಯನ್ನು ಕರೆದಿದ್ದರು. ಭಾವ ಕಿವಿ ಹಿಂಡಿದರು. ತಂತಿ ಕೆಂಪಾಯಿತು. ಜನ "ಓಹೋ" ಎಂದರು. ಗಂಜಿಯೂ ಜನರನ್ನು ನೋಡಬೇಕೆಂದು ಎದ್ದು ನಿಂತಿತೋ ಏನೋ, ಪಾತ್ರೆಯಿಂದ ಉಕ್ಕಿ ತಂತಿಯ ಮೇಲೆ ಸುರಿಯಿತು. ಚಟ್ ಎಂದಿತು, ಢಬ್ ಎಂದಿತು, ಬೀದಿಯ ಮನೆಮನೆಯಲ್ಲೂ ಕರೆಂಟು ಹೋಯಿತು! ಅರ್ಧ ಮೈಸೂರು ಸೀಮೆಗೆ ಬೆಳಕು ಕೊಡುವ ಊರಿನಲ್ಲಿ ಆ ಸಂಜೆ ಸೀಮೆಎಣ್ಣೆ ಬುಡ್ಡಿ ಹಚ್ಚಿದರು. ಪಕ್ಕದ ಮನೆಯ ಫಿಟ್ಟರು, "ಸ್ವಾಮಿ, ನಾಳೆ ಕಾಫಿ ಕಾಯ್ಸೋದಾದ್ರೆ ಒಸಿ ಮುಂಚೇನೇ ತಿಳಿಸ್ಬುಡಿ, ಊರು ಬುಟ್ಟು ಓಯ್ತೀವಿ" ಎಂದ.

ಭಾವ ಸೋಲುವ ಕುಳವೇ? ಕೆಲವೇ ದಿನದಲ್ಲಿ ಒಲೆ ಅವರ ಮಾತು ಕೇಳತೊಡಗಿತು. ಆದರೆ ಅಕ್ಕ ಅದರ ಹತ್ತಿರ ಸುಳಿಯುವಂತಿರಲಿಲ್ಲ. ನಮ್ಮ ಕಡೆಯ ಬಾಯಲ್ಲಿ 'ಶಾಕ್' ಎಂಬುದು 'ಸಾಕ್' ಆಗುತ್ತದಷ್ಟೆ.

"ಮುಟ್ಬುಟ್ಟೀಯ! ಸಾಕ್ ಒಡೀತದೆ ಕಣಮ್ಮೀ!"

"ನಂಗೂ ಸಾಕಾಗದೆ ಬುಡಿ!" ಎಂದಳು ಅಕ್ಕ. ಭಾವನಿಗೆ ಅರ್ಥವಾಗಲಿಲ್ಲ.

ಇನ್ನು ಆ ಒಲೆಯನ್ನು ಹೆತ್ತ ತಾಯಿಗೆ ತೋರಿಸದಿದ್ದರೆ ಹೇಗೆ? ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು, ಮಳವಳ್ಳಿಯಲ್ಲೊಂದು ಮಂಡ್ಯದಲ್ಲೊಂದು ಬಸ್ಸು ಬದಲಾಯಿಸಿ ಹೊಳಲಿಗೆ ಹೋದರು. ಜೊತೆಗೆ ನಾನೂ ಅಕ್ಕನೂ ಇದ್ದೆವು. ನಡುಮನೆಯಲ್ಲಿ ಮಣೆಯ ಮೇಲೆ ಒಲೆ ಇಟ್ಟರು. ಪಾತ್ರೆ ಬಂತು, ಹಿಟ್ಟು ಬಂತು, ಓಣಿಯ ಹೆಂಗಸರು ಬಂದರು. ಭಾವ ಒಲೆಯ ತಂತಿಯ ಬಾಲವನ್ನು ಕೈಯಲ್ಲಿ ಹಿಡಿದು ಗೋಡೆಯಿಂದ ಗೋಡೆಗೆ ನೋಡಿದರು. ಮತ್ತೆ ನೋಡಿದರು. ನನ್ನನ್ನು ನೋಡಿದರು. ಆ ಮನೆಗೆ ಕರೆಂಟೇ ಬಂದಿರಲಿಲ್ಲ!

ಅಕ್ಕನ ಅತ್ತೆ ಕಣ್ಣು ಕಿರಿದು ಮಾಡಿ, "ಎಲ್ಲಿಗ್ಲಾ ಚುಚ್ಚೀಯೆ ಅದ? ನನ್ನ ಬಾಯಿಗಾ?" ಎಂದರು.

"ಅಲ್ಲ ಕಣವ್ವಾ, ಕರೆಂಟು..."

"ನಮ್ಮ ಗದ್ದೆ ಮೇಲ್ನ ತಂತೀಲೇ ಓಯ್ತದಲ್ಲ ನಿನ್ನ ಕರೆಂಟು, ಅದು ಇಲ್ಲಿಗ್ಯಾಕೆ ಇಳೀಕಿಲ್ಲ? ಇಳಿದ್ರೆ ಅದ್ಕೂ ಒಂದ್ಲೋಟ ಗಂಜಿ ಕೊಡ್ತಿದ್ದೆ."

ಅವತ್ತು ಗಂಜಿ ಕಾಯಿಸಿದ್ದು ಅತ್ತೆಯ ಸೌದೆ ಒಲೆಯ ಮೇಲೆ. ತಿರುವಿದವಳು ಅಕ್ಕ. ಭಾವ ತಳ ಕಾಣುವವರೆಗೂ ಕುಡಿದರು. ಅದರಲ್ಲಿ ಗಂಟಿತ್ತೋ ಇಲ್ಲವೋ, ಹೇಳುವ ಮುಖ ಅವರಿಗಿರಲಿಲ್ಲ.

ವಾಪಸು ಬರುವಾಗ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. ದೋಷ ರಾಗಿಯಲ್ಲೇ ಇದ್ದರೆ? ಮಂಡ್ಯದ ಪಕ್ಕದಲ್ಲಿ ವ್ಯವಸಾಯದ ಫಾರಂ ಇತ್ತಲ್ಲ, ಅಲ್ಲಿಗೆ ನುಗ್ಗಿ ಒಬ್ಬ ಅಧಿಕಾರಿಯನ್ನು ಹಿಡಿದುಕೊಂಡು, "ಗಂಟು ಕಟ್ಟದ ರಾಗಿ ಯಾವ ತಳಿಯಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದರು. ಆ ಪುಣ್ಯಾತ್ಮ ಬಹಳ ಹೊತ್ತು ಯೋಚಿಸಿ, "ಗಂಟು ರಾಗಿಯಲ್ಲಿಲ್ಲ ಸ್ವಾಮಿ, ತಿರುವೋ ಕೈಯಲ್ಲಿದೆ" ಎಂದರು. ಭಾವನವರಿಗೆ ಸಂತೋಷವೋ ಸಂತೋಷ. ಹೊರಗೆ ಕಾಯುತ್ತಿದ್ದ ಅಕ್ಕನ ಬಳಿ ಓಡಿ ಬಂದು, "ಕೇಳ್ದಾ? ಫಾರಂನೋರೇ ಏಳ್ಬುಟ್ರು, ಎಲ್ಲಾ ಕೈಲದೆ ಅಂತ!" ಎಂದರು.

"ಈಗ ತಿರುವ್ತಾ ಇರೋರು ಯಾರು?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಮಳವಳ್ಳಿ ಬರುವವರೆಗೂ ಭಾವ ಕಿಟಕಿಯಿಂದಾಚೆ ನೋಡುತ್ತಿದ್ದರು.

ಹೀಗೆ ಆ ಅಡಿಗೆಮನೆಯಲ್ಲಿ ಎರಡು ಒಲೆಗಳ ಸಂಸಾರ ವರ್ಷಗಟ್ಟಲೆ ನಡೆಯಿತು. ಈ ಕಡೆ ಭಾವ, ಬಿಳಿ ಬನಿಯನ್ನಿಗೆ ಮಸಿ ತಾಗದ ಹಾಗೆ ನಿಂತು, ಕಿವಿ ಹಿಂಡಿ ತಮ್ಮ ಗಂಜಿ ಮಾಡಿಕೊಳ್ಳುವರು. ಆ ಕಡೆ ಅಕ್ಕ, ಹಸಿ ಸೌದೆ ಊದಿ ಊದಿ, ಕಣ್ಣೊರೆಸಿಕೊಳ್ಳುತ್ತ ಮಿಕ್ಕ ಅಡಿಗೆ ಮಾಡುವಳು. ಯುದ್ಧದ ಕಾಲಕ್ಕೆ ಒಣ ಸೌದೆಗೂ ಬರ ಬಂತು. ಹೊಗೆ ಇನ್ನೂ ದಟ್ಟವಾಯಿತು. ಅಕ್ಕ ಕೆಮ್ಮತೊಡಗಿದ್ದು ಆಗಲೇ. ಭಾವ ಕೆಟ್ಟವರೇನಲ್ಲ, ಹೆಂಡತಿಗೆ ಒಂದು ಪೆಟ್ಟು ಕೊಟ್ಟವರಲ್ಲ, ಕೂಗಾಡಿದವರಲ್ಲ. "ಒಗೆ ಈ ಕಡೆ ಬತ್ತದೆ, ಆ ಕಿಟಕಿ ತಗಿ" ಎನ್ನುವರು, ಅಷ್ಟೆ. ಅವರ ಕಣ್ಣು ಗಂಜಿಯ ಮೇಲಿತ್ತು. ಇಷ್ಟು ಹತ್ತಿರ ನಿಂತ ಮನುಷ್ಯನಿಗೆ ಇಷ್ಟು ದೊಡ್ಡ ಹೊಗೆ ಕಾಣಲಿಲ್ಲವಲ್ಲ ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ.

ಯುದ್ಧ ಮುಗಿಯುವ ಹೊತ್ತಿಗೆ ಅಕ್ಕ ವಿಷಮಶೀತ ಜ್ವರ ಹಿಡಿದು ಮಲಗಿದಳು. ಡಾಕ್ಟರು ಬಂದು ನೋಡಿ, "ಗಂಜಿ ಬಿಟ್ಟು ಬೇರೇನೂ ಕೊಡಕೂಡದು" ಎಂದರು. ನಿಮ್ಮಾಣೆ, ಭಾವನವರ ಮುಖದಲ್ಲಿ ಹೆದರಿಕೆಯ ಜೊತೆಗೆ ಒಂದು ಕಳೆಯೂ ಬಂತು. ಗಂಜಿಯಂತೆ! ಗಂಜಿಯ ವಿಷಯದಲ್ಲಿ ಇಡೀ ಸೀಮೆಗೆ ಅವರನ್ನು ಮೀರಿಸುವವರು ಯಾರಿದ್ದರು?

ಬೇಸಿಗೆ ರಜ ಇದ್ದುದರಿಂದ ನಾನು ಅಲ್ಲೇ ಉಳಿದಿದ್ದೆ. ಭಾವ ಕೆಲಸಕ್ಕೆ ರಜ ಹಾಕಿದರು. ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ, ಕಿವಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ನೂಲಿನ ಹಾಗೆ ಇಳಿಯುವ ಗಂಜಿ ತಂದಿಟ್ಟರು. ಅಕ್ಕ ಒಂದು ಗುಟುಕು ಕುಡಿದು ಮುಖ ತಿರುಗಿಸಿದಳು. ಮಜ್ಜಿಗೆ ಬೆರೆಸಿ ತಂದರು. ಮುಖ ತಿರುಗಿಸಿದಳು. ಹಾಲು ಬೆರೆಸಿದರು, ಬೆಲ್ಲ ಹಾಕಿದರು. ಅಕ್ಕ ತುಟಿಯನ್ನೇ ತೆರೆಯಲಿಲ್ಲ. ಲೋಟ ಹಿಡಿದು ಹಜಾರಕ್ಕೆ ಬಂದವರು ನನ್ನ ಪಕ್ಕದಲ್ಲಿ ಕುಕ್ಕರಿಸಿ ಕೂತರು.

"ಲೇ, ನಿಮ್ಮಕ್ಕನ್ಗೆ ಗಂಜಿ ಎಂಗಿದ್ರೆ ಸೇರ್ತದ್ಲಾ?"

"ಅವಳಿಗೆ ರಾಗಿ ಗಂಜಿ ಸೇರೋದೇ ಇಲ್ಲ ಭಾವ," ಎಂದೆ. "ಚಿಕ್ಕಂದಿನಿಂದಲೂ ಅಷ್ಟೆ. ನುಚ್ಚಕ್ಕಿ ಗಂಜಿ ಆದರೆ ಬೆಳ್ಳುಳ್ಳಿ ಹಾಕಿಸಿಕೊಂಡು ಕುಡೀತಿದ್ದಳು."

"ಸೇರಕಿಲ್ವಾ? ಮತ್ತೆ ದಿನಾ ನಾನು ಮಿಗ್ಸಿದ್ದ ಕುಡೀತಿದ್ಳಲ್ಲ!"

"ಚೆಲ್ಲಬಾರದು ಅಂತ ಕುಡೀತಿದ್ದಳು."

ಭಾವ ಲೋಟವನ್ನು ನೆಲದ ಮೇಲೆ ಇಟ್ಟರು. ಆಮೇಲೆ ಎದ್ದು, ಅಂಗಿ ತೊಟ್ಟು, ಎಲ್ಲಿಗೆಂದು ಹೇಳದೆ ಹೊರಟುಹೋದರು.

ಹೋದದ್ದು ನಮ್ಮ ತವರಿಗೆ. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಸಿಕ್ಕಲ್ಲೆಲ್ಲ ಇಳಿದು ತಳ್ಳಬೇಕು. ಅಂಥ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ನಡೆದು, ಮಸಿ ಹಿಡಿದ ಮುಖದಲ್ಲಿ ನಮ್ಮವ್ವನ ಮುಂದೆ ನಿಂತು, "ನುಚ್ಚಿನ ಗಂಜಿ ಮಾಡೋದ ಏಳ್ಕೊಡಿ ಅತ್ತೆ" ಎಂದರಂತೆ. ಅಕ್ಕಿ ಕಣ್ಣಿಗೆ ಕಾಣದ ಕಾಲ. ಅವ್ವ ಮಡಕೆ ತಡಕಿ ಒಂದು ಪಾವು ನುಚ್ಚು ಬಟ್ಟೆಯಲ್ಲಿ ಕಟ್ಟಿಕೊಟ್ಟು, "ನನ್ ಮಗಳಿಗೆ ಏನು ಸೇರ್ತದೆ ಅಂತ ಈಗ ಕೇಳಕ್ಕೆ ಬಂದ್ರಾ?" ಎಂದಳಂತೆ. ಇದನ್ನು ಭಾವನೇ ನನಗೆ ಹೇಳಿದರು. ಹೇಳುವಾಗ ನಗಲು ಹೋಗಿ ನಿಲ್ಲಿಸಿಬಿಟ್ಟರು.

ಮಾರನೆಯ ದಿನ ಬೆಳಗ್ಗೆ ಕರೆಂಟಿನ ಒಲೆಯ ಮೇಲೆ ನುಚ್ಚು ಬೆಂದಿತು. ಭಾವನವರ ಕೈಗೆ ರಾಗಿ ಗೊತ್ತೇ ಹೊರತು ಅಕ್ಕಿ ಗೊತ್ತಿಲ್ಲ. ಪ್ರತಿಯೊಂದಕ್ಕೂ ಅಡಿಗೆಮನೆಯ ಬಾಗಿಲಿಗೆ ಓಡಿ ಬಂದು ಕೇಳುವರು. ಅಕ್ಕ ಮಲಗಿದಲ್ಲಿಂದಲೇ ಹೇಳುವಳು.

"ಉಕ್ತಾ ಅದೆ ಕಣಮ್ಮೀ, ನೀರು ಆಕ್ಲಾ?"

"ಬ್ಯಾಡಿ. ಒಸಿ ಗಟ್ಟಿಗಿರ್ಲಿ."

"ಬೆಳ್ಳುಳ್ಳಿ ಇಡೀದು ಆಕ್ಬೇಕಾ?"

"ಜಜ್ಜಿ ಆಕಿ."

ಅಕ್ಕ ಹೇಳುವುದು, ಭಾವ ಕೇಳುವುದು! ಆ ಮನೆಯಲ್ಲಿ ಅಂಥ ಬೆಳಗನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಬಟ್ಟಲು ಪೂರ್ತಿ ಕುಡಿದಳು. "ಎಂಗದೆ?" ಎಂದು ಭಾವ ಪರೀಕ್ಷೆಗೆ ಕೂತವರ ಹಾಗೆ ಕೇಳಿದರು.

"ಸಂದಾಗದೆ," ಎಂದಳು.

ಹಿಗ್ಗಿನಿಂದ ಒಳಗೆ ಹೋದ ಭಾವ ಪಾತ್ರೆಯಲ್ಲಿ ಉಳಿದಿದ್ದನ್ನು ಬಾಯಿಗಿಟ್ಟುಕೊಂಡರು. ಆಮೇಲೆ ಬಹಳ ನಿಧಾನವಾಗಿ ಹೊರಗೆ ಬಂದರು.

"ಉಪ್ಪೇ ಆಕಿಲ್ವಲ್ಲಮ್ಮೀ! ಸಂದಾಗದೆ ಅಂದ್ಯಲ್ಲ?"

ಅಕ್ಕ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಜ್ವರದಲ್ಲಿ ನಾಲ್ಗೆ ಸತ್ತೋಗದೆ. ಉಪ್ಪಾ ಸಪ್ಪೇನಾ, ಒಂದೂ ತಿಳೀತಿಲ್ಲ. ಕಷ್ಟಪಟ್ಟು ಮಾಡಿದ್ರಲ್ಲ, ಅದ್ಕೇ ಅಂದೆ."

ಭಾವ ಅವಳ ಕಾಲ ಬಳಿ ಕೂತರು. ಕೈಯಲ್ಲಿ ಸೌಟು ಹಾಗೇ ಇತ್ತು.

"ನೀನೂ ಕಷ್ಟಪಟ್ಟೇ ಮಾಡ್ತಿದ್ದಲ್ಲ ಕಣೇ. ನಾನು ಒಂದ್ಸಲನಾದ್ರೂ ಸಂದಾಗದೆ ಅಂದಿವ್ನಾ?"

"ಅದ್ಯಾಕೆ ಈಗ, ಬುಡಿ," ಎಂದು ಅಕ್ಕ ಗೋಡೆಯ ಕಡೆ ಹೊರಳಿದಳು.

ಜ್ವರ ಇಳಿಯಿತು. ಆದರೆ ಅಕ್ಕ ಮೊದಲಿನ ಅಕ್ಕ ಆಗಲಿಲ್ಲ. ಕೆಮ್ಮು ಒಳಗೇ ಮನೆ ಮಾಡಿಕೊಂಡಿತ್ತು. ಸ್ವಾತಂತ್ರ್ಯ ಬಂದು ಊರೂರಲ್ಲಿ ಬಾವುಟ ಏರಿಸಿದಾಗ ನೋಡಲು ಅವಳಿರಲಿಲ್ಲ. ಹೋಗುವವರೆಗೂ ಎರಡು ಹೊತ್ತೂ ಅವಳ ಗಂಜಿ ಮಾಡಿದವರು ಭಾವ. ಎಲ್ಲೆಲ್ಲಿಂದಲೋ ನುಚ್ಚು ಹುಡುಕಿ ತರುತ್ತಿದ್ದರು. ಈ ಮನುಷ್ಯ ಇದನ್ನೆಲ್ಲ ಸ್ವಲ್ಪ ಮುಂಚೆ ಮಾಡಬಾರದಿತ್ತೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಅವರ ಮುಖ ನೋಡಿದರೆ, ಆ ಸಿಟ್ಟು ನನಗಿಂತ ಹೆಚ್ಚಾಗಿ ಅವರಿಗೇ ಇತ್ತು.

ಅವಳಿನ್ನೂ ಇದ್ದಾಗ, ಜ್ವರ ಬಿಟ್ಟು ಎಷ್ಟೋ ದಿನ ಕಳೆದ ಮೇಲೆ, ಒಂದು ಭಾನುವಾರ ನಾನು ಬಸ್ಸಿಳಿದು ಬೀದಿಗೆ ಕಾಲಿಟ್ಟೆ. ದೂರದಿಂದಲೇ ಭಾವ ಕಂಡರು. ಬನಿಯನ್ನಿನಲ್ಲೇ ಬೀದಿಗೆ ಬಂದು, ಪಕ್ಕದ ಮನೆಯ ಫಿಟ್ಟರನ್ನು ಭುಜ ಹಿಡಿದು ಅಲುಗಾಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಅವನನ್ನು ಬಿಟ್ಟು ಓಡಿ ಬಂದರು.  ಏನಾಯಿತೋ!

"ಲೇ, ಬೈದ್ಳು ಕಣ್ಲಾ ನಿಮ್ಮಕ್ಕ! ನಾಲ್ಗೆಗೆ ರುಚಿ ಬಂದದೆ! ಒಂದು ಗುಟ್ಕು ಕುಡಿದು ಮಖ ಕಿವುಚಿದ್ಳು. ಉಪ್ಪು ಮುಂದಾಗದೆ, ಬಾಯಿಗಿಕ್ಕಕ್ಕಾಗಕಿಲ್ಲ, ಇದೇನು ಗಂಜಿಯಾ ಅಂದ್ಳು!"

ಹೇಳುತ್ತ ಹೇಳುತ್ತ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಮಗುವಿಗೆ ಮೊದಲ ಮಾತು ಬಂದಿತೆಂದು ಹೇಳುವವರ ಹಾಗೆ ಆ ನಡುಬೀದಿಯಲ್ಲಿ ನಿಂತು, ನನ್ನ ಕೈ ಬಿಡದೆ, "ಸಂದಾಗಿಲ್ಲ ಅಂದ್ಳು ಕಣ್ಲಾ, ಸಂದಾಗಿಲ್ಲ ಅಂದ್ಳು!" ಎನ್ನುತ್ತಲೇ ಇದ್ದರು.