ಮೊಸಳೆ ಖಾಲಿ

"ಭೈಯಾ, ಬಿ ವಿಂಗ್ ಎಲ್ಲಿ?" ಎಂದು ದಹಿಸರಿನ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೇಳಿದಾಗ ವಾಚ್‌ಮನ್ ನನ್ನ ಮುಖ ನೋಡಲಿಲ್ಲ, ಚೀಲ ನೋಡಿದ. ಅವನು ಕೈ ತೋರಿಸಿದ ಕಡೆ ಹೋದೆ, ಅದು ಜಿಮ್. ಅಲ್ಲಿ ಕೇಳಿ ಇನ್ನೊಂದು ಕಡೆ ಹೋದೆ, ಅದು ಪಂಪ್ ರೂಮ್. ಅರ್ಧ ಆಯುಷ್ಯ ಟೂರಿಸ್ಟರ ಗುಂಪು ಕಟ್ಟಿಕೊಂಡು ಇಸ್ತಾಂಬುಲ್, ಪ್ರಾಗ್, ಕೈರೋ ಅಂತ ಸುತ್ತಿದವಳು ನಾನು. ನಾನು ಕೊಡೆ ಎತ್ತಿ ಹಿಡಿದರೆ ಬಸ್ಸು ತುಂಬಾ ಜನ ಹಿಂದೆ ಬರುತ್ತಿದ್ದರು. ಈಗ ಒಂದು ಬಿ ವಿಂಗ್ ಸಿಗುತ್ತಿಲ್ಲ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಮೊದಲು ಪರದೇಶದಲ್ಲಿ ಆಗುತ್ತಿದ್ದವು, ಈಗ ಮುಂಬಯಿಯಲ್ಲೇ ಆಗುತ್ತವೆ. ಟಿಕೆಟ್ಟಿನ ಖರ್ಚು ಕಡಿಮೆ, ಅಷ್ಟೇ.

೧. ಗೇಟಿನಲ್ಲಿ

ಸುತ್ತಿ ಸುತ್ತಿ ಮತ್ತೆ ಆ ವಾಚ್‌ಮನ್ ಹತ್ತಿರವೇ ಬಂದೆ. ಅವನು ಮೊಬೈಲ್ ತೆಗೆದ. ಈಗ ಯಾವ ಸೊಸೈಟಿಯಲ್ಲೂ ಹೆಸರು ಹೇಳಿದರೆ ಸಾಲದು, ನಾವು ಯಾವ ಬಗೆಯವರು ಅಂತ ಮೊಬೈಲಿನಲ್ಲಿ ಒತ್ತಬೇಕು.

"ಪಾರ್ಸಲ್ಲಾ?"

"ಅಲ್ಲ. ಮಕ್ಕಳಿಗೆ ಲೈಬ್ರರಿ ಪುಸ್ತಕ ತಂದಿದ್ದೇನೆ."

"ಎಷ್ಟು ಇದಕ್ಕೆ?"

"ಫ್ರೀ."

ಅಲ್ಲಿಯವರೆಗೆ ಅವನಿಗೆ ನನ್ನ ಮೇಲೆ ಅನುಮಾನ ಇರಲಿಲ್ಲ. ಮೇಲಿನ ಫ್ಲಾಟಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ತಗ್ಗಿದ ದನಿಯಲ್ಲಿ ವರದಿ ಕೊಟ್ಟ. "ಮೇಡಂ, ಒಬ್ಬರು ಹೆಂಗಸು ಬಂದಿದ್ದಾರೆ. ಪುಸ್ತಕ ಫ್ರೀ ಹಂಚುತ್ತಾರಂತೆ. ಓದಿದರೆ ಮಕ್ಕಳಿಗೆ ಒಳ್ಳೆಯದಾಗುತ್ತದಂತೆ."

"ಬೇಡ ಅಂತ ಹೇಳಿ," ಎಂದಿತು ಮೇಲಿನ ದನಿ. "ನಮಗೆ ನಮ್ಮ ದೇವರೇ ಸಾಕು."

ನಾನು ಫೋನಿಗೆ ಬಗ್ಗಿ ಹೇಳಿದೆ: "ದೇವರಲ್ಲ ಮೇಡಂ, ಆಕ್ಟೋಪಸ್."

ಮೇಲಿನವರು ಫೋನ್ ಇಟ್ಟರು.

೨. ಬೋರ್ಡು

ಅಷ್ಟು ದೂರ ನಾನು ಚೀಲ ಹೊರಲು ಕಾರಣ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು. ಹೋಟೆಲಿನ ಮಾಳಿಗೆಯನ್ನು ಸಂಘದ ವಾಚನಾಲಯಕ್ಕೆ ಬಿಟ್ಟುಕೊಟ್ಟ ಉದಾರಿ. ಅಲ್ಲಿ ಒಂದು ಉದ್ದ ಮೇಜು, ಕೆಳಗಿನಿಂದ ಏರಿ ಬರುವ ಸಾಂಬಾರಿನ ವಾಸನೆ, ಮೂಲೆಯಲ್ಲಿ ಮಕ್ಕಳ ಕಪಾಟು. ಆ ಕಪಾಟಿಗೆ ಹೊಸ ಪುಸ್ತಕಗಳನ್ನು ಆರಿಸಿ ತಂದವಳು ನಾನು. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಒಂಟೆಯದು, ಹೊಲಿಗೆ ಕ್ಲಾಸಿಗೆ ಸೇರಿ ತನಗೊಂದು ಅಂಗಿ ಹೊಲಿಯಲು ಹೊರಟ ಆಕ್ಟೋಪಸ್ಸಿನದು, ಮಳೆಗಾಲದಲ್ಲಿ ಕೊಡೆ ಕಳೆದುಕೊಂಡ ದೆವ್ವದ್ದು. ಓದಿ ನಾನೇ ನಕ್ಕಿದ್ದೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವ ನನ್ನ ಹತ್ತಿರ ಈ ಊರಿನಲ್ಲಿ ಬದಲಾಗದೆ ಉಳಿದ ಬೀಗದಕೈ ಅಂದರೆ ಆ ಕಪಾಟಿನದೊಂದೇ.

ಒಂದು ದಿನ ಹೋಗಿ ನೋಡಿದರೆ ಮೇಜಿನ ನೇರಕ್ಕೆ ಗೋಡೆಯಲ್ಲಿ ಹೊಸ ಬೋರ್ಡು: "ಹೆಚ್ಚು ಹೊತ್ತು ಕೂರಬಾರದು." ಹೋಟೆಲಿಗೆ ಬರೆಸುವಾಗ ಪೇಂಟರ್ ಒಂದು ಜಾಸ್ತಿ ಬರೆದಿದ್ದನಂತೆ. ದಂಡ ಯಾಕೆ ಎಂದು ಇಲ್ಲಿ ಹಾಕಿಸಿದ್ದರು.

"ಇದು ವಾಚನಾಲಯ. ಜನ ಕೂತೇ ಓದಬೇಕಲ್ಲ," ಎಂದೆ.

"ಒಬ್ಬರೇ ಕೂತು ಬಿಟ್ಟರೆ ಬೇರೆಯವರಿಗೆ ಟೇಬಲ್ ಬೇಡವಾ ಮಾರಾಯ್ರೆ?"

"ಓದಲು ಬೇರೆಯವರು ಯಾರೂ ಬರುವುದೇ ಇಲ್ಲ."

"ಅದನ್ನೇ ನಾನೂ ಹೇಳುವುದು," ಎಂದು ಅವರು ಕಪಾಟಿನ ಕಡೆ ತಿರುಗಿದರು. ನಾನಾಗಿ ಬಾಗಿಲು ತೆರೆದು ಕೊಟ್ಟಂತಾಯಿತು. "ಒಂದು ಐಟಂ ಓಡುವುದಿಲ್ಲ ಅಂತಾದರೆ ಮೆನುವಿನಿಂದ ತೆಗೆಯುವುದು. ಅದರಲ್ಲಿ ಬೇಜಾರು ಎಂತದು? ದೀಪಾವಳಿಯ ಒಳಗೆ ಒಂದು ಮಗು, ಒಂದೇ ಸಾಕು, ಒಂದು ಪುಸ್ತಕ ಪೂರ್ತಿ ಓದಿ, ತಾನಾಗಿ ಇನ್ನೊಂದು ಕೇಳಲಿ. ಕಪಾಟು ಇರಲಿ. ಇಲ್ಲದಿದ್ದರೆ ಆ ಮೂಲೆಗೆ ಐಸ್‌ಕ್ರೀಮಿನ ಫ್ರೀಜರ್ ಬರುತ್ತದೆ."

"ಐಸ್‌ಕ್ರೀಮ್ ಓಡುತ್ತದಾ?"

"ಅದು ನಿಲ್ಲುವುದೇ ಇಲ್ಲವಲ್ಲ, ಕರಗುತ್ತದೆ."

೩. ಬಿಸಿ ಏನುಂಟು

ಆ ಒಂದು ಮಗುವನ್ನು ಹುಡುಕುತ್ತಾ ದಹಿಸರಿಗೂ ಹೋಗಿ ಬಂದ ಮೇಲೆ ಉಳಿದದ್ದು ನಮ್ಮ ಸಂಘದ ಮಕ್ಕಳೇ. ಭಾನುವಾರ ಬೆಳಿಗ್ಗೆ ಆ ಮೇಜಿನಲ್ಲೇ ಅವರ ಕನ್ನಡ ಕ್ಲಾಸು. ಕ್ಲಾಸು ಮುಗಿದ ಕೂಡಲೇ ನಾನು ಕಪಾಟಿನ ಮುಂದೆ ನಿಂತು ಶುರುಮಾಡಿದೆ. "ಮಕ್ಕಳೇ, ಈ ಪುಸ್ತಕ ನಿಮ್ಮ ಕಲ್ಪನೆಯನ್ನು ಬೆಳೆಸುತ್ತದೆ." ಒಂದೇ ದಿನದಲ್ಲಿ ನಾಲ್ಕನೆಯ ಚರ್ಚ್ ತೋರಿಸಿದಾಗ ನನ್ನ ಟೂರಿಸ್ಟರು ನೋಡುತ್ತಿದ್ದರಲ್ಲ, ಮಕ್ಕಳು ಹಾಗೆ ನೋಡಿದವು.

"ಆಂಟಿ, ಇದು ಎಕ್ಸಾಮ್‌ಗೆ ಬರತ್ತಾ?" ಒಬ್ಬ ಕೇಳಿದ.

"ಇಲ್ಲ."

"ಫಿರ್? ಮತ್ತ್ಯಾಕೆ?"

ಮಕ್ಕಳು ಚೀಲ ಎತ್ತಿಕೊಂಡರು. ಮೆಟ್ಟಿಲ ಬಳಿ ಕಾಫಿ ಹೀರುತ್ತಾ ನಿಂತಿದ್ದ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲ್ಲ, ಗಿರಾಕಿ ಎದ್ದು ಹೋಗುವುದನ್ನು ಅವರು ಹುಟ್ಟಿನಿಂದ ಸಹಿಸಿದವರಲ್ಲ. ಮುಂದೆ ಬಂದು, ಮೇಜಿನ ಅಂಚಿಗೆ ಬೆರಳೂರಿ, ಒಂದೇ ಉಸಿರಿನಲ್ಲಿ ಹೇಳಿದರು: "ಒಂಟೆ ಉಂಟು, ಆಕ್ಟೋಪಸ್ ಉಂಟು, ಕೊಡೆ ಕಳಕೊಂಡ ದೆವ್ವ ಉಂಟು, ಈಗಷ್ಟೇ ಬಂದ ಸಿಂಹದ ಕ್ಷೌರ ಉಂಟು, ಮೊಸಳೆ ಖಾಲಿ."

ಮಕ್ಕಳೆಲ್ಲ ಒಟ್ಟಿಗೆ ಅಂದವು: "ನಮಗೆ ಮೊಸಳೆ ಬೇಕು."

ನಾನು ಅಧ್ಯಕ್ಷರನ್ನು ಮೆಟ್ಟಿಲಿಗೆ ಕರೆದೆ. "ನಮ್ಮಲ್ಲಿ ಮೊಸಳೆಯ ಪುಸ್ತಕವೇ ಇಲ್ಲವಲ್ಲ."

"ಗೊತ್ತುಂಟು."

"ಮತ್ತೆ?"

"ಒಂದಾದರೂ ಖಾಲಿ ಅನ್ನದಿದ್ದರೆ ಉಳಿದದ್ದೆಲ್ಲ ನಿನ್ನೆಯದು ಅಂತ ತಿಳಕೊಳ್ಳುತ್ತಾರೆ ಮಾರಾಯ್ರೆ."

ಸರಿಯೇ. ಹತ್ತು ನಿಮಿಷದಲ್ಲಿ ಒಂಟೆಯೊಂದು ಬಿಟ್ಟು ಉಳಿದ ಪುಸ್ತಕಗಳೆಲ್ಲ ಹೊರಟವು. ಒಬ್ಬ ಹುಡುಗಿ ಮಾತ್ರ ಕೈಕಟ್ಟಿ ನಿಂತೇ ಇದ್ದಳು. ಬೈಕುಲ್ಲಾದವಳು. ಅಪ್ಪನಿಗೆ ಅಲ್ಲಿ ಈರುಳ್ಳಿಯ ಹೋಲ್‌ಸೇಲ್, ಮನೆಯವರು ವಿಜಯಪುರದ ಕಡೆಯವರು.

"ಮೊಸಳಿ ಯಾವಾಗ ವಾಪಸ್ ಬರ್ತದ್ರಿ, ಆಂಟಿ?"

"ಮುಂದಿನ ಸಂಡೆ," ಎಂದುಬಿಟ್ಟೆ. ಇಲ್ಲದ ಮೊಸಳೆಯ ಸಾಲ ನನ್ನ ತಲೆಗೆ ಬಂದದ್ದು ಹೀಗೆ.

ಮುಂದಿನ ಸಂಡೆ ಹೋದ ಪುಸ್ತಕಗಳೆಲ್ಲ ಮಡಿಕೆ ಬಿಚ್ಚದೆ ಹಾಗೇ ವಾಪಸಾದವು. ತಾನಾಗಿ ಪುಸ್ತಕ ಕೇಳಿಕೊಂಡು ಬಂದವಳು ಅವಳೊಬ್ಬಳೇ. ಅದನ್ನು ಅಧ್ಯಕ್ಷರಿಗೆ ತೋರಿಸಿದೆ.

"ಇಲ್ಲದ ಐಟಂ ಕೇಳಿದ್ದು ಲೆಕ್ಕಕ್ಕಿಲ್ಲ," ಎಂದರು.

"ಅದನ್ನು ಮೆನುವಿಗೆ ಸೇರಿಸಿದವರು ಯಾರು?"

"ಆರ್ಡರ್ ತಗೊಂಡದ್ದು ನೀವು," ಎಂದರು.

೪. ಬ್ಯಾಂಡಿನವರು

ಅಂಗಡಿ ಅಂಗಡಿ ಅಲೆದೆ. ಮೊಸಳೆಗಳು ಇದ್ದವು, ಎಲ್ಲ ಇಂಗ್ಲಿಷ್ ಮಾತಾಡುತ್ತಿದ್ದವು. ಹುಡುಗಿಗೆ ಮನೆಯಲ್ಲಿ ಓದಿ ಹೇಳುವವರು ಅಜ್ಜಿ, ಅವರನ್ನು ಅವಳು ಆಯಿ ಅನ್ನುತ್ತಾಳೆ. ಆಯಿಗೆ ಇಂಗ್ಲಿಷ್ ಬಾರದು. ಅಲ್ಲಿಯವರೆಗೆ ಸಮಾಧಾನಕ್ಕೆ ಇರಲಿ ಎಂದು ಉಳಿದಿದ್ದ ಒಂಟೆಯನ್ನು ಬೈಕುಲ್ಲಾಕ್ಕೆ ಒಯ್ದು ಕೊಟ್ಟೆ. ಕೆಲವು ದಿನ ಬಿಟ್ಟು ವಾಪಸ್ ತರಲು ಹೋದೆ.

"ಹೇಗಿತ್ತು ಒಂಟೆ?" ಹುಡುಗಿಯನ್ನು ಕೇಳಿದೆ.

"ಮದುವಿ ಆತು."

"ಯಾರದು?"

"ಒಂಟಿದು."

ಪುಸ್ತಕದಲ್ಲಿ ಒಂಟೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಫೈರ್ ಬ್ರಿಗೇಡಿನವರು ಬಂದು ಎಳೆದು ತೆಗೆಯುತ್ತಾರೆ, ಅಷ್ಟೇ. ಮದುವೆ ನನಗೆ ಗೊತ್ತಿರಲಿಲ್ಲ. ಆಯಿಯ ಕಡೆ ನೋಡಿದೆ. ಅವರ ಚಸ್ಮಾ ದೇವರ ಗೂಡಿನಲ್ಲಿ ಭದ್ರವಾಗಿ ಇತ್ತು.

"ಕಡೀಕ ಒಂದು ಮದುವಿ ಇರಲಿಲ್ಲಂದ್ರ ಅದೇನ್ ಕತಿರಿ ಬಾಯಾರ?" ಎಂದರು ಆಯಿ.

"ಆಂಟಿ, ಪಿಕ್ಚರ್‌ನ್ಯಾಗ ಫೈರ್ ಬ್ರಿಗೇಡ್ ಅದ," ಹುಡುಗಿ ದೂರು ಕೊಟ್ಟಳು. "ಆಯಿ ಅಂತಾಳ, ಅವರು ಬ್ಯಾಂಡಿನವರು."

"ಕೆಂಪ ಅಂಗಿ, ತಲಿಮ್ಯಾಲ ಟೊಪ್ಪಿಗಿ, ಕೈಯಾಗ ಉದ್ದನ್ನ ಪೈಪು. ಬ್ಯಾಂಡಿನವರಲ್ಲದ ಮತ್ತ ಯಾರು?"

ಚಹಾ ಬಂತು. ನಾನು ನಿಂತೇ ಕುಡಿಯುತ್ತಿದ್ದೆ, ಅದು ನನ್ನ ಅಭ್ಯಾಸ. ಆಯಿ ಕೂಡ್ರಿ, ಕೂಡ್ರಿ ಅಂದು ಸಾಕಾಗಿ ಮೊಮ್ಮಗಳಿಗೆ ಹೇಳಿದರು, "ಚಾ ಸುದ್ದಾ ನಿಂತ ಕುಡೀತಾರ. ಇವರೇನ್ ಮಂದೀನ್ನ ಕುಂಡ್ರಿಸಿ ಪುಸ್ತಕ ಓದಸ್ತಾರ."

ಹೊರಡುವಾಗ ಹುಡುಗಿ ಬಾಗಿಲವರೆಗೆ ಬಂದಳು. ಗುಟ್ಟಿನಲ್ಲಿ ಹೇಳಿದಳು. "ಮೊಸಳಿ ಬುಕ್ ನಾನ ಓದ್ತೀನಿ, ಮೆಲ್ಲಕ. ಆಯಿಗೆ ಕೊಡಬ್ಯಾಡ್ರಿ. ಮೊಸಳಿಗೂ ಮದುವಿ ಮಾಡ್ತಾಳ."

೫. ಎಲ್ಲಿ ಇಳೀತಾನೆ

ಸಿಗದ ಪುಸ್ತಕವನ್ನು ಬರೆಯುವುದೊಂದೇ ದಾರಿ. ಬರೆಯಬೇಕಾದರೆ ಕೂರಬೇಕು. ನಾನು ಜೀವನದಲ್ಲಿ ಅಲುಗದೆ ಕೂತದ್ದು ವಿಮಾನದಲ್ಲಿ ಮಾತ್ರ, ಅದೂ ಬೆಲ್ಟ್ ಹಾಕಿದ್ದರಿಂದ. ಮನೆಯಲ್ಲಿ ಕುರ್ಚಿಯಲ್ಲಿ ಕೂತೆ, ಎದ್ದೆ, ಕಿಟಕಿ ಒರೆಸಿದೆ, ಮತ್ತೆ ಕೂತೆ, ಪಾಸ್‌ಪೋರ್ಟಿನ ತಾರೀಖು ನೋಡಿದೆ. ಕಾಗದದ ಮೇಲೆ ಮೊಸಳೆ ನದಿಯ ದಡದಲ್ಲಿ ಬಾಯಿ ತೆರೆದದ್ದು ಮುಚ್ಚಲಿಲ್ಲ. ದೀಪಾವಳಿಯ ಕಂದೀಲುಗಳು ಆಗಲೇ ಅಂಗಡಿಯಲ್ಲಿ ತೂಗುತ್ತಿದ್ದವು.

ಕೊನೆಗೆ ಕಾಗದ ಹಿಡಿದು, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಚರ್ಚ್‌ಗೇಟಿನ ಸ್ಲೋ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕಂಬಕ್ಕೆ ಒರಗಿ ಬರೆಯುತ್ತಿದ್ದರೆ, ಎದುರು ಕೂತು ಬೀನ್ಸ್ ಮುರಿಯುತ್ತಿದ್ದ ಹೆಂಗಸು ಹಿಂದಿಯಲ್ಲಿ ಕೇಳಿದಳು, "ಏನು ಬರೀತಿದ್ದೀರಿ?"

"ಮೊಸಳೆಯ ಕಥೆ. ದಹಿಸರಿನಲ್ಲಿ ಲೋಕಲ್ ಹತ್ತಿದ್ದಾನೆ," ಎಂದೆ. ಆ ಕ್ಷಣ ದಹಿಸರ್ ಬಂದಿತ್ತು, ಹಾಗಾಗಿ ಬಾಯಿಗೆ ಅದೇ ಬಂತು.

"ಸೀಟು ಸಿಕ್ಕಿತಾ?"

"ಕಿಟಕಿಯದು."

"ಎಲ್ಲಿ ಇಳೀತಾನೆ?"

ಇಷ್ಟು ದೇಶ ಸುತ್ತಿದ್ದೇನೆ. ಮೊಸಳೆ ರೈಲು ಹತ್ತಿತು ಅಂದರೆ ಎಲ್ಲಿ ಇಳಿಯುತ್ತದೆ ಎಂದು ಕೇಳುವ ಊರು ಇದೊಂದೇ. ಅವಳ ಪಕ್ಕದವಳು ಅಂದಳು, "ಅಂಧೇರಿಯಲ್ಲಿ ಇಳಿಯೋದಾದರೆ ಆ ಸೀಟು ನನಗೆ. ಮೊದಲೇ ಹೇಳಿಟ್ಟಿದ್ದೇನೆ." ಹಿಂದಿನಿಂದ ಇನ್ನೊಬ್ಬಳು, "ನಾನು ವಿರಾರಿನಿಂದ ನಿಂತಿದ್ದೇನೆ, ನನ್ನನ್ನು ಯಾರು ಕೇಳುತ್ತಾರೆ?" ಎಂದಳು. ಬಾಂದ್ರಾ ಬರುವ ಹೊತ್ತಿಗೆ ಹುಟ್ಟದ ಮೊಸಳೆಯ ಸೀಟಿಗೆ ಜಗಳ ಹತ್ತಿತ್ತು. ನಾನು ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತಾ ಹೋದೆ, ಅಷ್ಟೇ.

ಕಥೆ ಮುಗಿಸಿ ತಲೆ ಎತ್ತಿದರೆ ಇಳಿಯಬೇಕಾದ ಗ್ರಾಂಟ್ ರೋಡ್ ದಾಟಿ ಚರ್ಚ್‌ಗೇಟಿಗೆ ಬಂದಿದ್ದೆ. ಅದಕ್ಕಿಂತ ಆಶ್ಚರ್ಯ, ನಾನು ಕೂತಿದ್ದೆ. ಯಾರು ಯಾವಾಗ ಕೂರಿಸಿದರೋ ಗೊತ್ತಿಲ್ಲ.

೬. ಫ್ರೀಜರ್

ದೀಪಾವಳಿಯ ಹಿಂದಿನ ಭಾನುವಾರ. ಹಾಳೆ ಹೊಲಿದು ರಟ್ಟು ಹಾಕಿದ ಪುಸ್ತಕ ಹಿಡಿದು ನಾನು ವಾಚನಾಲಯಕ್ಕೆ ಹೋದರೆ, ಕೆಳಗೆ ಟೆಂಪೋದಿಂದ ಫ್ರೀಜರ್ ಇಳಿಯುತ್ತಿತ್ತು.

"ಇವತ್ತೇ ಯಾಕೆ?" ಎಂದೆ.

"ಹಬ್ಬದ ಆಫರ್ ಇತ್ತು," ಎಂದರು ಅಧ್ಯಕ್ಷರು. ಮುಖ ಮಾತ್ರ ಬೇರೆ ಕಡೆ ಇತ್ತು.

ಹುಡುಗಿ ಆಗಲೇ ಬಂದು ಮೇಜಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಆಯಿ, ಈ ಸಲ ಚಸ್ಮಾ ಹಾಕಿಕೊಂಡು. ನಾನು ಪುಸ್ತಕ ಮುಂದಿಟ್ಟೆ. ಚಿತ್ರವೂ ನನ್ನದೇ. ಮೊಸಳೆ, ಹಲ್ಲು ಬಂದ ಬೆಂಡೆಕಾಯಿಯ ಹಾಗಿತ್ತು. ಹುಡುಗಿ ಅದನ್ನು ಬಹಳ ಹೊತ್ತು ನೋಡಿ, ಕ್ಷಮಿಸಿ, ಪುಟ ತಿರುಗಿಸಿದಳು. ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಒಂದು ಅಕ್ಷರ, ಒಂದು ನಿಲುಗಡೆ. ಸ್ಲೋ ಲೋಕಲ್ ಅಂದರೆ ಅದು.

ಫ್ರೀಜರ್ ಹೊತ್ತವರು ಮೆಟ್ಟಿಲ ತುದಿಗೆ ಬಂದು ನಿಂತರು. "ಸೇಠ್, ಎಲ್ಲಿ ಇಡೋದು?"

"ಸ್ವಲ್ಪ ತಡಿ," ಎಂದರು ಅಧ್ಯಕ್ಷರು. "ಈಗ ಅಂಧೇರಿ ಬಂದದ್ದಷ್ಟೆ."

ಹೊತ್ತವರು ಫ್ರೀಜರನ್ನು ಅಲ್ಲೇ ಇಳಿಸಿ ಅದಕ್ಕೇ ಒರಗಿದರು. ಕನ್ನಡ ಬಾರದಿದ್ದರೂ ಸ್ಟೇಷನ್ನಿನ ಹೆಸರುಗಳು ಗೊತ್ತಾಗುತ್ತಿದ್ದವು. ದಾದರಿನಲ್ಲಿ ಒಬ್ಬ ಕೇಳಿದ, "ಇಳಿದನಾ?" ಇನ್ನೊಬ್ಬ, "ದಾದರಿನ ರಶ್ಶಿನಲ್ಲಿ ಇಳಿಯೋಕೆ ಬಿಡ್ತಾರಾ?" ಎಂದ.

ಹುಡುಗಿ ಕೂತೇ ಇದ್ದಳು. ಅವಳ ತಲೆಯ ಮೇಲೆ ಬೋರ್ಡು. ಅಧ್ಯಕ್ಷರು ಬೋರ್ಡು ನೋಡಿದರು, ಗಡಿಯಾರ ನೋಡಿದರು, ತಡೆದುಕೊಂಡರು. ಕೈ ಮಾತ್ರ ಅವರ ಮಾತು ಕೇಳಲಿಲ್ಲ. ಹೋಟೆಲಿನಲ್ಲಿ ಊಟ ಮುಗಿದೂ ಏಳದವರ ಮುಂದೆ ಮಾಡುವಂತೆ, ಹೆಗಲ ಮೇಲಿನ ಬಟ್ಟೆ ತೆಗೆದು ಮೇಜು ಒರೆಸುತ್ತಾ ಅವಳ ಹತ್ತಿರ ಹತ್ತಿರ ಬಂದರು. ಹುಡುಗಿ ಓದು ನಿಲ್ಲಿಸದೆ ಒಂದು ಮೊಣಕೈ ಎತ್ತಿದಳು. ಅಲ್ಲಿ ಒರೆಸಿದರು. ಇನ್ನೊಂದು ಎತ್ತಿದಳು. ಅಲ್ಲೂ ಒರೆಸಿದರು. ಎರಡೂ ಮೊಣಕೈ ಸ್ವಸ್ಥಾನಕ್ಕೆ ಬಂದವು.

ಚರ್ಚ್‌ಗೇಟ್ ಬಂತು. ಎಲ್ಲರೂ ಇಳಿದರು, ಮೊಸಳೆ ಇಳಿಯಲಿಲ್ಲ. ಅದೇ ಗಾಡಿ ವಿರಾರಿಗೆ ವಾಪಸ್ ಹೊರಟಿತು. ಸೀಟು ಮೊಸಳೆಯದೇ ಆಯಿತು. ಹುಡುಗಿ ಅದನ್ನು ಹಿಂದಿಯಲ್ಲಿ ಹೇಳಿದಾಗ ಫ್ರೀಜರ್‌ನವರು ತಲೆದೂಗಿದರು. "ನಮ್ಮವನೇ," ಎಂದ ಒಬ್ಬ.

"ಮದುವಿ ಆಗಲಿಲ್ಲ?" ಆಯಿ ಕೇಳಿದರು.

"ಇಲ್ಲ ಆಯಿ."

"ಚಿಂತಿಲ್ಲ. ಮುಂಬೈಯಾಗ ಕಿಡಕಿ ಸೀಟು ಇದ್ದಂವಗ ಹೆಣ್ಣು ತಾನ ಸಿಗ್ತದ."

ಹುಡುಗಿ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. ಸಾಲ ತೀರಿತು. ನನ್ನ ಕಾಲು ಅಷ್ಟರಲ್ಲೇ ಹೊರಡಲು ತಯಾರಾಗಿತ್ತು. ಆಗ ಅವಳು ಅಧ್ಯಕ್ಷರ ಕಡೆ ತಿರುಗಿ, ಯಾರೂ ಹೇಳಿಕೊಡದೆ, ತಾನಾಗಿ ಕೇಳಿದಳು:

"ಇದರದ ಪಾರ್ಟ್ ಟೂ ಅದ ಏನ್ರಿ?"

ಅಧ್ಯಕ್ಷರು ನನ್ನನ್ನು ನೋಡಿದರು. ಕಪಾಟನ್ನು ನೋಡಿದರು. ಫ್ರೀಜರ್‌ನವರಿಗೆ ಕೈಸನ್ನೆ ಮಾಡಿದರು. "ಕೆಳಗೆ ಒಯ್ಯಿರಿ, ಗಲ್ಲಾದ ಪಕ್ಕ ಇಡಿ." ಆಮೇಲೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮೇಜಿನ ಅಂಚಿಗೆ ಬೆರಳೂರಿ, ಹುಡುಗಿಗೆ ಹೇಳಿದರು:

"ಪಾರ್ಟ್ ಟೂ ಖಾಲಿ. ಮುಂದಿನ ಆದಿತ್ಯವಾರ ಬಾ."